ಬಂದರಿನ ದುಡಿಮೆ, ಭಾನುವಾರದ ಬಿಲ್ಲು: ಭುಜ ನೋಯುತ್ತಿರುವುದು ಯಾವುದರಿಂದ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನನಗೆ 36 ವರ್ಷ, ಹುಕ್ಕೇರಿ ತಾಲೂಕಿನವನು. ಒಂಬತ್ತು ವರ್ಷದಿಂದ ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಲ್ಯಾಶಿಂಗ್ ಗ್ಯಾಂಗಿನಲ್ಲಿ ಇದ್ದೇನೆ. ಹಡಗಿನ ಮೇಲೆ ಕಂಟೇನರ್‌ಗಳನ್ನು ರಾಡ್ ಹಾಕಿ ಬಿಗಿಯುವುದು, ಬಿಚ್ಚುವುದು ನಮ್ಮ ಕೆಲಸ. ಉದ್ದದ ರಾಡ್ ಒಂದೊಂದು 15–20 ಕೆಜಿ ಬರುತ್ತದೆ. ಶನಿವಾರ ಶಿಫ್ಟ್ ಮುಗಿಸಿ ಲೋಂಡಾ ಮೇಲೆ ಊರಿಗೆ ಬರುತ್ತೇನೆ. ಭಾನುವಾರ ರಾತ್ರಿ ವಾಪಸ್.

ಮೂರು ವರ್ಷದ ಹಿಂದೆ ಬಿಲ್ಲುಗಾರಿಕೆ ಕಲಿತೆ. 28 ಪೌಂಡ್ ಬಲ ಹಾಕಿ ಎಳೆಯಬೇಕಾದ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಇತ್ತು. ಹೋದ ದೀಪಾವಳಿಗೆ 42 ಪೌಂಡಿನದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ನನ್ನ ಎಳೆತ, ಅಂದರೆ ಪೂರ್ತಿ ಎಳೆದಾಗ ಬಿಲ್ಲಿನಿಂದ ಹೆದೆಯವರೆಗಿನ ದೂರ, 30 ಇಂಚು. ಭಾನುವಾರ ಬೆಳಿಗ್ಗೆ ಹೊಲದಲ್ಲಿ ಬಣವಿ ಮುಂದೆ ಗುರಿಹಲಗೆ ಇಟ್ಟು 30 ಮೀಟರ್‌ನಿಂದ 120 ಬಾಣ ಬಿಡುತ್ತೇನೆ. ನಾಲ್ಕು ತಿಂಗಳಿಂದ ಬಲ ಭುಜ ನೋವು. ಕೈ ಮೇಲೆತ್ತಿದರೆ ಚುಚ್ಚುತ್ತದೆ, ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ, ಒಳಗೆ ಕಟ್ ಕಟ್ ಸಪ್ಪಳ. ಶಿಫ್ಟ್‌ಗೆ ಮುಂಚೆ ಒಂದು ನೋವಿನ ಗುಳಿಗಿ ತಗೋತೀನಿ. ಬಾಣ ಬಿಟ್ಟ ಮೇಲೆ ಬೆರಳ ತುದಿ ಜುಮ್ ಅನ್ನುತ್ತದೆ. ಎಂಆರ್‌ಐನಲ್ಲಿ ಟೆಂಡನ್ ಅರ್ಧ ಹರಿದಿದೆ ಎಂದು ಬಂದಿದೆ.

ಗ್ಯಾಂಗಿನವರು 'ಅಷ್ಟ ಭಾರ ಎತ್ತಾಂವಗ ಆ ಬಿಲ್ಲ ಯಾವ ಲೆಕ್ಕ' ಅಂತಾರೆ. ಮನೆಯವರು ಬಿಲ್ಲು ಮಾರಿಬಿಡಿ ಅಂತಾರೆ. ಊರಲ್ಲಿ ಒಬ್ಬರು ಭುಜ ಜಾರಿದೆ, ಎಣ್ಣೆ ಹಚ್ಚಿ ಕೂರಿಸುತ್ತೇನೆ ಅಂದರು. ಆಪರೇಷನ್ ಬೇಕಾ? ಕಾಂಪೌಂಡ್ ಬಿಲ್ಲು ತಗೊಂಡರೆ, ಇಲ್ಲ ಎಡಗೈಯಿಂದ ಎಳೆಯಲು ಕಲಿತರೆ ಆದೀತಾ? ಒಂಬತ್ತು ವರ್ಷದ ಮಗಳೂ ಬಿಲ್ಲು ಬೇಕು ಅಂತಿದ್ದಾಳೆ, ಕೊಡಿಸಬಹುದಾ? ವಿಡಿಯೊ ಕಳಿಸಿದ್ದೇನೆ."

ಉತ್ತರ:

ನಿಮ್ಮ ಪತ್ರ ಓದಿದೆ. ವಿಡಿಯೊವನ್ನು ನಿಧಾನ ಮಾಡಿ ನಾಲ್ಕು ಸಲ ನೋಡಿದೆ. ನಿಮ್ಮ ಪ್ರಶ್ನೆಗಳು ಹಲವು ಇದ್ದರೂ ಒಳಗಿನ ಭಯ ಒಂದೇ. ಈ ಭುಜ ಹೋದರೆ ಬಿಲ್ಲು ಹೋಗುತ್ತದೆ, ಜೊತೆಗೆ ಅನ್ನವೂ ಹೋಗುತ್ತದೆ ಎಂಬ ಭಯ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದ ಲಕ್ಷಣಗಳು ಇರುವ ಭುಜಗಳಲ್ಲಿ ಹೆಚ್ಚಿನವು ಆಪರೇಷನ್ ಇಲ್ಲದೆ ಸರಿಹೋಗುತ್ತವೆ. ಬಿಲ್ಲುಗಾರಿಕೆ ಬಿಡಬೇಕಾಗಿಲ್ಲ. ಆದರೆ ಆ 42 ಪೌಂಡಿನ ಬಿಲ್ಲನ್ನು ಇವತ್ತೇ ಗೂಟಕ್ಕೆ ತೂಗುಹಾಕಿ. ನಾನು ನಿಮ್ಮ ಭುಜ ಮುಟ್ಟಿ ನೋಡಿಲ್ಲ ಎಂಬುದೂ ನೆನಪಿರಲಿ. ಕೈಯ ಬಲ ಪರೀಕ್ಷೆ ಮಾಡದೆ ಯಾರೂ ಕೊನೆಯ ಮಾತು ಹೇಳಬಾರದು.

ಬೆಳಗಾವಿಯಲ್ಲಿ ಕುಳಿತ ಫಿಸಿಯೊಥೆರಪಿಸ್ಟ್‌ಗೆ ಬಂದರಿನ ಭುಜ ಏನು ಗೊತ್ತು ಅನ್ನಿಸಬಹುದು. 1880ರ ದಶಕದಲ್ಲಿ ಗೋವಾದ ಮೊರ್ಮುಗಾವ್ ಬಂದರಿನಿಂದ ಘಟ್ಟ ಹತ್ತಿಸಿ ರೈಲು ತಂದಾಗಿನಿಂದ ಲೋಂಡಾ ನಮ್ಮ ಜಿಲ್ಲೆಗೆ ಸಮುದ್ರದ ಬಾಗಿಲು. ಖಾನಾಪುರ, ಹುಕ್ಕೇರಿ, ಸವದತ್ತಿ ಕಡೆಯಿಂದ ಕೆಳಗೆ ಇಳಿದು ದುಡಿಯುವವರು ರಜೆಗೆ ಬಂದಾಗ ನಮ್ಮಂಥವರ ಬಾಗಿಲಿಗೇ ಬರುತ್ತಾರೆ. ಬಿಲ್ಲುಗಾರರು ಮಾತ್ರ ಅಪರೂಪ. ಇಲ್ಲಿ ಗರಡಿಯ ಪೈಲ್ವಾನರು ಬರುತ್ತಾರೆ, ವಿಜಯಪುರ–ಬಾಗಲಕೋಟೆ ಕಡೆಯ ಸೈಕಲ್ ಹುಡುಗರು ಬರುತ್ತಾರೆ. ಬಿಲ್ಲಿನ ಭುಜ ನನಗೆ ಗೊತ್ತಿರುವುದು ನಾನೇ ಎಂಟು ವರ್ಷದಿಂದ ಬಿಲ್ಲು ಹಿಡಿಯುವುದರಿಂದ.

ಭುಜದೊಳಗಿನ ಲ್ಯಾಶಿಂಗ್

ಭುಜದ ಕೀಲು ಅಂದರೆ ಸಣ್ಣ ಬಟ್ಟಲಿನ ಮೇಲೆ ದೊಡ್ಡ ಲಿಂಬಿಹಣ್ಣು ಇಟ್ಟಂತೆ. ಸೊಂಟದ ಕೀಲಿನಂತೆ ಆಳವಾದ ಗುಂಡಿ ಅಲ್ಲ ಅದು. ಅದಕ್ಕೇ ಕೈ ಎಲ್ಲ ಕಡೆ ತಿರುಗುತ್ತದೆ, ಅದಕ್ಕೇ ಬೇಗ ಕೆಡುತ್ತದೆ. ಆ ಹಣ್ಣನ್ನು ಬಟ್ಟಲಿನ ನಡುವೆ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳು. ಅವಕ್ಕೆ ರೊಟೇಟರ್ ಕಫ್ ಅನ್ನುತ್ತೇವೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೆಕ್ ಮೇಲೆ ಕಂಟೇನರ್‌ಗೆ ನಾಲ್ಕು ಕಡೆ ರಾಡ್ ಬಿಗಿದು ನಿಲ್ಲಿಸುವ ಕೆಲಸವನ್ನೇ ಈ ನಾಲ್ಕು ಸ್ನಾಯುಗಳು ಭುಜದಲ್ಲಿ ಮಾಡುತ್ತವೆ. ರಾಡ್ ಬಿಗಿಯುವ ತಿರುಪು, ನಿಮ್ಮ ಟರ್ನ್‌ಬಕಲ್, ಒಂದು ಸಡಿಲವಾದರೆ ಡಬ್ಬಿ ಕದಲುತ್ತದೆ, ಅಲ್ವಾ? ಇಲ್ಲೂ ಹಾಗೇ.

ಈ ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಅದರ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಒಂದು ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುತ್ತದೆ. ಕೆಳಗೆ ತೋಳಿನ ಎಲುಬಿನ ಗುಂಡು, ಮೇಲೆ ಹೆಗಲ ಎಲುಬಿನ ಚಾವಣಿ. ಕೈಯನ್ನು ತಲೆಗಿಂತ ಮೇಲೆ ಎತ್ತಿದಾಗ ಈ ಹುರಿಯ ಮೇಲೆ ಒತ್ತಡ ಬೀಳುತ್ತದೆ. ಉಳಿದ ಮೂರು ಸ್ನಾಯು ಮತ್ತು ಬೆನ್ನ ಹಿಂದಿನ ಚಪ್ಪಟೆ ಎಲುಬನ್ನು ಹಿಡಿಯುವ ಸ್ನಾಯುಗಳು ಚುರುಕಾಗಿದ್ದರೆ ತೊಂದರೆ ಇಲ್ಲ. ಅವು ದಣಿದಾಗ ತೋಳಿನ ಮೇಲ್ಭಾಗದ ದೊಡ್ಡ ಸ್ನಾಯು ಒಂದೇ ಎಳೆಯುತ್ತದೆ. ಗುಂಡು ಮೇಲಕ್ಕೆ ಜಾರುತ್ತದೆ. ಹುರಿ ಜಜ್ಜುತ್ತದೆ.

ಈಗ ನಿಮ್ಮ ವಾರ ನೋಡಿ. ಆರು ದಿನ ಉದ್ದದ ರಾಡನ್ನು ಎತ್ತಿ, ಅದರ ತುದಿಯನ್ನು ಮೇಲಿನ ಡಬ್ಬಿಯ ಮೂಲೆಯ ತೂತಿಗೆ ಸಿಕ್ಕಿಸುತ್ತೀರಿ. ಕತ್ತು ಹಿಂದಕ್ಕೆ ಬಾಗಿರುತ್ತದೆ, ಕೈ ನೆಟ್ಟಗೆ ಮೇಲೆ. ಭುಜದ ಹುರಿಗೆ ಇದಕ್ಕಿಂತ ಕಷ್ಟದ ಭಂಗಿ ಇನ್ನೊಂದಿಲ್ಲ. ಆಮೇಲೆ ರೈಲು. ಸೀಟು ಸಿಕ್ಕರೆ ಒಂದು ಕಡೆ ವಾಲಿ ನಿದ್ದೆ. ಮರುದಿನ ಬೆಳಿಗ್ಗೆ ಎದ್ದು ಅದೇ ದಣಿದ ಭುಜಕ್ಕೆ ಬಿಲ್ಲು.

ಆ ಬಿಲ್ಲಿನ ಲೆಕ್ಕ ನೀವು ಹಾಕಿದಂತೆ ಕಾಣಲಿಲ್ಲ. ಬಿಲ್ಲಿನ ಮೇಲೆ 42 ಎಂದು ಬರೆದಿದ್ದರೆ ಅದು 28 ಇಂಚು ಎಳೆದಾಗಿನ ತೂಕ. ಅಲ್ಲಿಂದ ಮುಂದೆ ಇಂಚಿಗೆ ಸುಮಾರು ಎರಡು ಪೌಂಡ್ ಏರುತ್ತದೆ. ನಿಮ್ಮ ಎಳೆತ 30 ಇಂಚು. ಅಂದರೆ ನಿಮ್ಮ ಬೆರಳ ಮೇಲೆ ಬೀಳುವುದು 46 ಪೌಂಡ್, ಸುಮಾರು 21 ಕೆಜಿ. 120 ಬಾಣಕ್ಕೆ ಗುಣಿಸಿ. 2520 ಕೆಜಿ. ಐವತ್ತು ಸಿಮೆಂಟ್ ಚೀಲದ ತೂಕ! ಹಳೆಯ ಬಿಲ್ಲಿನಲ್ಲಿ ಇದೇ ಲೆಕ್ಕ 1740 ಕೆಜಿ ಆಗುತ್ತಿತ್ತು. ಒಂದು ದೀಪಾವಳಿ ಕಳೆಯುವಷ್ಟರಲ್ಲಿ, ನಡುವೆ ಒಂದೂ ಮೆಟ್ಟಿಲಿಲ್ಲದೆ, ಭಾನುವಾರದ ಬೆಳಗಿಗೆ ಮುಕ್ಕಾಲು ಟನ್ನಿಗೂ ಹೆಚ್ಚು ಭಾರ ಸೇರಿಕೊಂಡಿತು. ಒಂದೊಂದು ಸಲವೂ ಎಳೆದು ಮೂರು–ನಾಲ್ಕು ಸೆಕೆಂಡ್ ಹಿಡಿದು ನಿಲ್ಲಬೇಕು ಬೇರೆ.

ಹಾಗಾಗಿ ಬಂದರಿನಿಂದ ಬಂತಾ, ಬಿಲ್ಲಿನಿಂದ ಬಂತಾ ಎಂದು ಕೇಳಿದರೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಒಂಬತ್ತು ವರ್ಷ ಭುಜ ಬಂದರಿನ ಭಾರ ತಾಳಿತು. ಎರಡು ವರ್ಷ ಬಂದರು ಮತ್ತು 28 ಪೌಂಡ್ ಎರಡನ್ನೂ ತಾಳಿತು. 42 ಬಂದಾಗ ಲೆಕ್ಕ ಮೀರಿತು. ಒಂದು ದಿನವೂ ರಜೆ ಇಲ್ಲದ ಭುಜ ಅದು.

ಜನ ಹೇಳುವ ಮಾತುಗಳು

"ಅಷ್ಟ ಭಾರ ಎತ್ತಾಂವಗ ಆ ಬಿಲ್ಲ ಯಾವ ಲೆಕ್ಕ." ನಿಮ್ಮ ತೊಂದರೆಗೆ ಈ ಮಾತೇ ಅರ್ಧ ಕಾರಣ ಅನ್ನುತ್ತೇನೆ. ಪೈಲ್ವಾನರ ವಿಷಯದಲ್ಲೂ ಇದನ್ನೇ ಕಂಡಿದ್ದೇನೆ. ನೂರು ಕೆಜಿ ಎತ್ತುವವನ ಕೈಗೆ 30 ಪೌಂಡಿನ ಬಿಲ್ಲು ಕೊಟ್ಟರೆ ಎಳೆಯುತ್ತಾನೆ, ಐದನೇ ಸೆಕೆಂಡಿಗೆ ನಡುಗುತ್ತಾನೆ. ಹೊರೆ ಎತ್ತುವಾಗ ಕಾಲು, ಸೊಂಟ, ಎದೆ ಎಲ್ಲ ಸೇರುತ್ತವೆ. ಝಟ್ಟಂತ ಎತ್ತಿ ಇಳಿಸಿದರೆ ಮುಗಿಯಿತು. ಬಿಲ್ಲಿನಲ್ಲಿ ಆ ಝಟಕಾ ನಡೆಯುವುದಿಲ್ಲ. ಎರಡು ಹೆಗಲೆಲುಬುಗಳ ನಡುವಿನ ಸ್ನಾಯುಗಳು ಸದ್ದಿಲ್ಲದೆ ಬಿಗಿದು ನಿಲ್ಲಬೇಕು. ಹೊರೆ ಎತ್ತುವ ಬಲ ಬೇರೆ, ಎಳೆದು ನಿಲ್ಲಿಸುವ ಬಲ ಬೇರೆ.

ನಿಮ್ಮ ವಿಡಿಯೊದಲ್ಲೂ ಅದೇ ಕಾಣುತ್ತದೆ. ಮೊದಲ ಆರು ಬಾಣ ಚೆಂದ ಇವೆ. ಹಿಂದೆ ಬಣವಿ, ಪಕ್ಕದಲ್ಲಿ ಎಮ್ಮೆ ಮೆಲುಕು ಹಾಕುತ್ತಿದೆ, ನೀವು ಗಿಡ ನಿಂತಂತೆ ನಿಂತಿದ್ದೀರಿ. ಅರ್ಧ ಗಂಟೆ ಆದ ಮೇಲಿನ ತುಣುಕು ನೋಡಿ. ಬಿಲ್ಲನ್ನು ಆಕಾಶದ ಕಡೆ ಎತ್ತಿ ಅಲ್ಲಿಂದ ಎಳೆದುಕೊಂಡು ಕೆಳಗೆ ಬರುತ್ತಿದ್ದೀರಿ. ಬಲ ಹೆಗಲು ಕಿವಿಗೆ ತಾಕುವಷ್ಟು ಮೇಲೆ ಹೋಗಿದೆ. ಕತ್ತಿನ ಪಕ್ಕದ ನರ ಹುರಿಯಂತೆ ಎದ್ದು ನಿಂತಿದೆ. ಬಲ ಮೊಣಕೈ ಬಾಣದ ಗೆರೆಯಿಂದ ಕೆಳಗೆ ಇಳಿದಿದೆ. ಬೆನ್ನು ಕೈಬಿಟ್ಟಿದೆ, ಭುಜದ ಸಣ್ಣ ಹುರಿ ಒಂದೇ ಎಳೆಯುತ್ತಿದೆ ಎಂಬುದಕ್ಕೆ ಇವೇ ಗುರುತು. ಬಿಲ್ಲು ಮೈಗೆ ಜಾಸ್ತಿಯಾಗಿದೆ ಎಂದು ತಿಳಿಯಲು ಯಂತ್ರ ಬೇಡ. ಕುರ್ಚಿಯ ಮೇಲೆ ಕುಳಿತು, ಬಾಣ ಏರಿಸಿ, ಬಿಲ್ಲನ್ನು ಗುರಿಯ ಮಟ್ಟದಲ್ಲೇ ಹಿಡಿದು ಎಳೆಯಿರಿ. ಹತ್ತು ಸೆಕೆಂಡ್ ನಡುಗದೆ ನಿಲ್ಲಬೇಕು. ಆಮೇಲೆ ಬಿಡದೆ ನಿಧಾನವಾಗಿ ವಾಪಸ್ ತರಬೇಕು. ಆಗದಿದ್ದರೆ ಆ ಬಿಲ್ಲು ಇನ್ನೂ ನಿಮ್ಮದಲ್ಲ. (ಇದನ್ನು ಈಗ ಆ ಬಿಲ್ಲಿನಲ್ಲಿ ಮಾಡಿ ನೋಡಬೇಡಿ. ಬಾಣವಿಲ್ಲದೆ ಹೆದೆ ಎಳೆದು ಬಿಡುವುದೂ ಬೇಡ. ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳು, ಸೀಳುತ್ತದೆ, ಮುಖಕ್ಕೂ ಬಡಿಯಬಹುದು.)

"ಭುಜ ಜಾರಿದೆ." ಇದು ತಪ್ಪು. ನಿಜಕ್ಕೂ ಜಾರಿದ ಭುಜದವನು ರೈಲು ಹತ್ತಿ ಊರಿಗೆ ಬಂದು ಬಾಣ ಬಿಡುವುದಿಲ್ಲ. ಕೈ ಅಲ್ಲಾಡಿಸಲು ಆಗದೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡುತ್ತಾನೆ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಹಿತ ಅನ್ನಿಸಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜಗ್ಗಿ ತಿರುಗಿಸಿ ಕೂರಿಸಲು ಬಿಡಬೇಡಿ. ಅರ್ಧ ಹರಿದ ಹುರಿ ಪೂರ್ತಿ ಹರಿಯಬಹುದು.

ಕಟ್ ಕಟ್ ಸಪ್ಪಳಕ್ಕೆ ಹೆದರಬೇಡಿ. ಸಪ್ಪಳದ ಜೊತೆಗೇ ನೋವು ಬಂದರೆ, ಇಲ್ಲ ಕೈ ಅಲ್ಲೇ ಸಿಕ್ಕಿಕೊಂಡರೆ ಮಾತ್ರ ತೋರಿಸಬೇಕು. ಬೆರಳ ತುದಿಯ ಜುಮ್ ಬಗ್ಗೆ ಒಂದು ಮಾತು. ಹೆದೆ ಹಿಡಿಯುವ ಮೂರು ಬೆರಳ ತುದಿ ಮಾತ್ರ ಜುಮ್ ಅಂದು ಸ್ವಲ್ಪ ಹೊತ್ತಿಗೆ ಸರಿಹೋದರೆ ಅದು ಹೆದೆಯ ಒತ್ತಡ. ದಪ್ಪನೆಯ ಟ್ಯಾಬ್ (ಹೆದೆ ಹಿಡಿಯುವ ಬೆರಳಿಗೆ ಹಾಕುವ ಪಟ್ಟಿ) ಮತ್ತು ಹಗುರ ಬಿಲ್ಲು ಸಾಕು. ಕತ್ತಿನಿಂದ ಹೊರಟು ತೋಳಿನುದ್ದ ಇಳಿದು ಹೆಬ್ಬೆರಳ ಕಡೆಗೆ ಬಂದರೆ ಕತ್ತಿನ ನರ ನೋಡಿಸಬೇಕು. ದಿನವೆಲ್ಲ ಕತ್ತು ಎತ್ತಿ ಕೆಲಸ ಮಾಡುವವರು ನೀವು, ಅದಕ್ಕೇ ಹೇಳಿದೆ.

ಗುಳಿಗಿಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಶಿಫ್ಟ್‌ಗೆ ಮುಂಚೆ ನೋವಿನ ಗುಳಿಗಿ ನುಂಗಿ ಹಡಗು ಹತ್ತುವುದನ್ನು ನಿಲ್ಲಿಸಿ. ಕರಾವಳಿಯ ಸೆಕೆಯಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಆ ಗುಳಿಗಿಗಳು ಕಿಡ್ನಿಗೆ ಕೆಡುಕು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಕರುಳಿಗೆ ಹುಣ್ಣು. ಇನ್ನೊಂದು, ನೋವು ಅಂದರೆ ಭುಜ ಕೊಡುವ ಎಚ್ಚರಿಕೆ. ಅದನ್ನು ಮುಚ್ಚಿಟ್ಟು 20 ಕೆಜಿಯ ರಾಡನ್ನು ತಲೆಯ ಮೇಲೆ ಎತ್ತಿದಾಗ ಕೈ ಸೋತರೆ? ಕೆಳಗೆ ನಿಮ್ಮ ಗ್ಯಾಂಗಿನವರೇ ನಿಂತಿರುತ್ತಾರೆ.

ಎಂಆರ್‌ಐ, ಇಂಜೆಕ್ಷನ್, ಆಪರೇಷನ್

"ಅರ್ಧ ಹರಿದಿದೆ" ಎಂಬ ಮಾತು ಓದಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ನೋವೇ ಇಲ್ಲದ ಜನರ ಭುಜ ಸ್ಕ್ಯಾನ್ ಮಾಡಿದರೂ ಇಂಥ ಅರೆಹರುಕು ಎಷ್ಟೋ ಜನರಲ್ಲಿ ಕಾಣುತ್ತದೆ. ವಯಸ್ಸು ಏರಿದಂತೆ ಇನ್ನೂ ಜಾಸ್ತಿ. ನೀವು ಧರಿಸುವ ಅಂಗಿಯ ಮೊಣಕೈ ಸವೆದಂತೆ ಅದು. ಸವೆದ ಜಾಗ ನೋವಿಗೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಹುರಿ ಪೂರ್ತಿ ಹರಿದಿದ್ದರೆ ಮಾತು ಬೇರೆ. ಬಿದ್ದೋ ಜಗ್ಗಿಯೋ ಒಮ್ಮೆಲೇ ಪೆಟ್ಟಾಗಿ, ಮರುದಿನದಿಂದ ಕೈ ಮೇಲೆತ್ತಲು ಬಲವೇ ಇಲ್ಲವಾದರೆ ಅದನ್ನು ತಡ ಮಾಡಬಾರದು. ದುಡಿಯುವ ವಯಸ್ಸಿನವರಿಗೆ ಅಂಥ ಹರುಕನ್ನು ಬೇಗ ಹೊಲಿಸಿದರೇ ಒಳ್ಳೆಯದು. ತಿಂಗಳುಗಟ್ಟಲೆ ಬಿಟ್ಟರೆ ಸ್ನಾಯು ಸೊರಗಿ ಹಿಂದೆ ಸರಿಯುತ್ತದೆ, ಆಮೇಲೆ ಹೊಲಿದರೂ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ನೀವು ಬರೆದಂತೆ ನಿಮ್ಮದು ಹಾಗಲ್ಲ. ಮೆಲ್ಲಗೆ ಬಂದಿದೆ, ಕೈ ಏಳುತ್ತದೆ, ನೋಯುತ್ತದೆ.

ಇಂಥ ಭುಜಗಳಿಗೆ ಹಿಂದೆ ಮೇಲಿನ ಎಲುಬನ್ನು ಸ್ವಲ್ಪ ಕೆತ್ತಿ ಸಂದಿ ದೊಡ್ಡದು ಮಾಡುವ ಆಪರೇಷನ್ ತುಂಬ ನಡೆಯುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನೇ ಪರೀಕ್ಷೆಗೆ ಒಡ್ಡಿದರು. ಒಂದಷ್ಟು ಜನಕ್ಕೆ ನಿಜವಾಗಿ ಕೆತ್ತಿದರು, ಒಂದಷ್ಟು ಜನಕ್ಕೆ ಒಳಗೆ ಕ್ಯಾಮೆರಾ ಹಾಕಿ ನೋಡಿ ಹಾಗೇ ಮುಚ್ಚಿದರು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದಕ್ಕೇ ಈಗ ಮೊದಲ ದಾರಿ ವ್ಯಾಯಾಮ. ಕನಿಷ್ಠ ಹನ್ನೆರಡು ವಾರ, ಮನಸ್ಸಿಟ್ಟು. ಅಷ್ಟಾದರೂ ಸುಧಾರಿಸದಿದ್ದರೆ ಮೂಳೆ ವೈದ್ಯರ ಜೊತೆ ಆಪರೇಷನ್ ಮಾತು.

ಇಂಜೆಕ್ಷನ್ ಹಾಕಿಸಿದರೆ ಎಲುಬು ಕೊಳೆಯುತ್ತದೆ ಎಂದು ಊರಲ್ಲಿ ಅನ್ನುವುದನ್ನು ಕೇಳಿದ್ದೇನೆ. ಒಂದು ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಹಾಗೆಲ್ಲ ಹೆದರಬೇಕಾಗಿಲ್ಲ. ರಾತ್ರಿ ನಿದ್ದೆಯೇ ಇಲ್ಲದವರಿಗೆ ಅದು ಕೆಲವು ವಾರ ಒಳ್ಳೆಯ ಬಿಡುವು ಕೊಡುತ್ತದೆ. ಆದರೆ ಮೇಲಿಂದ ಮೇಲೆ ಹಾಕಿಸಿದರೆ ಹುರಿ ದುರ್ಬಲವಾಗುತ್ತದೆ. ದೊಡ್ಡ ತಪ್ಪು ಆಗುವುದು ಇಲ್ಲಿ: ನೋವು ಹೋಯಿತು ಎಂದು ಮೂರನೇ ದಿನಕ್ಕೇ ಹಡಗು ಹತ್ತುವುದು. ಹಾಕಿಸಿದರೆ ಎರಡು ವಾರ ಭಾರದ ಕೆಲಸ ಬೇಡ. ಆ ರಜೆ ಸಿಗುವುದಿಲ್ಲ ಅಂದರೆ ಇಂಜೆಕ್ಷನ್ನೂ ಬೇಡ ಎಂಬುದು ನನ್ನ ಸಲಹೆ. ಒಮ್ಮೆ ರಕ್ತದ ಸಕ್ಕರೆ ನೋಡಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದು ಹಿಡಿದುಕೊಳ್ಳುವುದು ಜಾಸ್ತಿ, ಇಂಜೆಕ್ಷನ್ ಸಕ್ಕರೆಯನ್ನೂ ಏರಿಸುತ್ತದೆ.

ಕಾಂಪೌಂಡ್ ಆದೀತಾ, ಎಡಗೈ ಆದೀತಾ?

ಕಾಂಪೌಂಡ್ ಬಿಲ್ಲಿನಲ್ಲಿ ಗಾಲಿಗಳಿವೆ. ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವ ಭಾರ ಶೇ. 65ರಿಂದ 80ರಷ್ಟು ಇಳಿಯುತ್ತದೆ. ಹಿಡಿದು ನಿಲ್ಲುವುದು ಹಗುರ. ಆದರೆ ಪೂರ್ತಿ ಭಾರ ಎಳೆತದ ಮೊದಲರ್ಧದಲ್ಲೇ ಬರುತ್ತದೆ, ನಿಮ್ಮ ಭುಜ ನೋಯುವ ಜಾಗವೂ ಅದೇ. 50 ಪೌಂಡಿನ ಕಾಂಪೌಂಡ್ ತಂದು ನೋವು ಹೆಚ್ಚು ಮಾಡಿಕೊಂಡವರನ್ನು ಕಂಡಿದ್ದೇನೆ. 30ಕ್ಕೆ ಇಳಿಸಿಕೊಂಡರೆ ಸರಿ, ಆದರೆ ಬೆಲೆ ನೋಡಿ. ಆ ದುಡ್ಡು ಸದ್ಯ ಖರ್ಚು ಮಾಡಬೇಡಿ.

ಎಡಗೈ ಅಂದರೆ ಭುಜ ತಪ್ಪಿಸಿಕೊಂಡಂತೆ ಆಗುವುದಿಲ್ಲ. ಎಡಗೈಯಲ್ಲಿ ಹೆದೆ ಎಳೆದರೆ ಬಲಗೈ ಬಿಲ್ಲು ಹಿಡಿಯಬೇಕು. ಎಳೆಯುವ ಕೈಗೆ ಎಷ್ಟು ಭಾರವೋ ತಳ್ಳುವ ಕೈಗೂ ಅಷ್ಟೇ. ಮೇಲೆ ಬಿಲ್ಲಿನ ತೂಕ ಬೇರೆ. ನಿಮ್ಮ ಗುರಿಯ ಕಣ್ಣು ಬಲಗಣ್ಣಾಗಿದ್ದರೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಹಗುರ ಬಿಲ್ಲಿನಲ್ಲಿ ದಿನಕ್ಕೆ ಹತ್ತು ಸಲ ಎಡಗಡೆಯಿಂದ ಎಳೆದು ಬಿಡದೆ ವಾಪಸ್ ತರುವುದು ಒಳ್ಳೆಯದು, ಬೆನ್ನು ಎರಡೂ ಕಡೆ ಸಮ ಆಗುತ್ತದೆ. ಅಷ್ಟು ಸಾಕು.

ನನ್ನ ಸಲಹೆ ಹಗುರ ಬಿಲ್ಲು. ನಿಮ್ಮದು ಬಿಚ್ಚಿ ಜೋಡಿಸುವ ಬಿಲ್ಲು ಎಂದು ವಿಡಿಯೊದಲ್ಲಿ ಕಂಡಿತು. ನಡುವಿನ ಹಿಡಿ ಹಾಗೇ ಇರಲಿ, ಲಿಂಬ್ ಜೋಡಿ ಮಾತ್ರ ಬದಲಿಸಿ. 20–22 ಪೌಂಡಿನ ಲಿಂಬ್ ತನ್ನಿ. ಬೋಲ್ಟ್ ಸಡಿಲಿಸಿ 42 ಅನ್ನು ಇಳಿಸಬಹುದಲ್ಲ ಅನ್ನಬಹುದು, ಅದರಿಂದ ಸುಮಾರು ಶೇ. 10ರವರೆಗೆ ಮಾತ್ರ ಇಳಿಯುತ್ತದೆ, ಸಾಲದು. ಬಾಣವನ್ನೂ ಬದಲಿಸಬೇಕು. 42ಕ್ಕೆ ತಂದ ಗಟ್ಟಿ ಬಾಣ 22ರಲ್ಲಿ ಬಾಗುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಹಗುರ ಬಿಲ್ಲಿನಲ್ಲಿ ಗುರಿಯೇ ಕೂರುವುದಿಲ್ಲ ಎಂದು ಮತ್ತೆ ಭಾರದ ಬಿಲ್ಲಿಗೆ ಹೋಗುತ್ತಾರೆ.

22 ಎಂದರೆ ಮಕ್ಕಳ ಬಿಲ್ಲು ಅಂತ ಬೇಸರ ಬೇಡ. ಒಲಿಂಪಿಕ್ಸ್‌ನ ರಿಕರ್ವ್ ಸ್ಪರ್ಧೆ 70 ಮೀಟರ್ ದೂರದ್ದು. 122 ಸೆಂ.ಮೀ. ಗುರಿಹಲಗೆ, ಅದರ ನಡುವಿನ ಹತ್ತು ಅಂಕದ ವೃತ್ತ ಬರೀ 12.2 ಸೆಂ.ಮೀ. ಅಷ್ಟು ದೂರಕ್ಕೆ ಭಾರದ ಬಿಲ್ಲು ಬೇಕು. ನಿಮ್ಮ ಬಣವಿ ಇರುವುದು 30 ಮೀಟರ್‌ನಲ್ಲಿ. ಅಷ್ಟಕ್ಕೆ 26–28 ಪೌಂಡ್ ಧಾರಾಳ. ನಾನು ಬಿಡುವುದೂ 26ರಲ್ಲೇ. ಹುಟ್ಟಿನಿಂದ ಕೈಗಳೇ ಇಲ್ಲದ ಜಮ್ಮು ಕಾಶ್ಮೀರದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ತಮ್ಮ ಮೈಗೆ ತಕ್ಕಂತೆ ಆಟವನ್ನು ಹೊಂದಿಸಿಕೊಂಡರು. ನಿಮ್ಮ ಭುಜಕ್ಕೂ ಆ ಮರ್ಯಾದೆ ಕೊಡಿ.

ಮುಂದಿನ ಹನ್ನೆರಡು ವಾರ

ಮೊದಲ ಮೂರು ವಾರ ಬಾಣ ಬೇಡ. ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬ್ ಕೇಳಿ ತನ್ನಿ, ಉದ್ದಕ್ಕೆ ಸೀಳಿ. ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ. ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಮೊಣಕೈ ಮಡಿಸಿ, ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಕ್ಕೆ ತಿರುಗಿಸಿ, ಬಾಗಿಲು ತೆರೆದಂತೆ. ನಿಧಾನವಾಗಿ ವಾಪಸ್. ಹದಿನೈದು ಸಲ, ಮೂರು ಸುತ್ತು. ಆಮೇಲೆ ಎರಡೂ ಕೈಯಲ್ಲಿ ಟ್ಯೂಬ್ ಹಿಡಿದು ಎದೆಯ ಮಟ್ಟದಲ್ಲಿ ಹಿಂದಕ್ಕೆ ಎಳೆಯಿರಿ, ಹೆಗಲು ಕಿವಿಯ ಕಡೆ ಹೋಗಬಾರದು. ಕೊನೆಗೆ ಗೋಡೆಗೆ ಕೈ ಕೊಟ್ಟು ದಂಡ ಹೊಡೆದಂತೆ ತಳ್ಳುವುದು. ದಿನ ಬಿಟ್ಟು ದಿನ ಮಾಡಿ. ನೋವು ಹತ್ತರಲ್ಲಿ ಮೂರರಷ್ಟು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಅದು ಹಿಂದಿನ ಬೆಳಗಿನಷ್ಟೇ ಇರಬೇಕು. ಜಾಸ್ತಿ ಇದ್ದರೆ ಟ್ಯೂಬ್ ಸಡಿಲಿಸಿ. ಗುಳೇದಗುಡ್ಡದ ಒಬ್ಬ ನೇಕಾರರು ಮಗ್ಗದ ಹಗ್ಗ ಜಗ್ಗಿ ಜಗ್ಗಿ ಇದೇ ನೋವು ಮಾಡಿಕೊಂಡಿದ್ದರು. ಅವರು ಮಗ್ಗ ಬಿಡಲಿಲ್ಲ. ಹಗ್ಗದ ಹಿಡಿಯನ್ನು ಒಂದು ಗೇಣು ಕೆಳಗೆ ಇಳಿಸಿಕೊಂಡು ಮಗ್ಗದ ಕಂಬಕ್ಕೇ ಟ್ಯೂಬ್ ಕಟ್ಟಿ ಇದನ್ನು ಮಾಡಿದರು. ಎರಡೂವರೆ ತಿಂಗಳಿಗೆ ಆ ಮಗ್ಗುಲಿಗೆ ಮಲಗಿ ನಿದ್ದೆ ಮಾಡಿದೆ ಎಂದು ಫೋನ್ ಮಾಡಿ ಹೇಳಿದರು.

ನಾಲ್ಕನೇ ವಾರದಿಂದ ಹಗುರ ಬಿಲ್ಲು. ಐದು ಮೀಟರ್‌ನಿಂದ, ಗುರಿ ನೋಡದೆ, ಬಣವಿಗೆ ಮಾತ್ರ. ಮೂವತ್ತು ಬಾಣ. ಆಕಾಶಕ್ಕೆ ಎತ್ತಿ ಎಳೆಯುವುದು ಪೂರ್ತಿ ಬಂದ್. ವಾರಕ್ಕೆ ಐದೈದು ಬಾಣ ಹೆಚ್ಚಿಸಿ. ಹನ್ನೆರಡನೇ ವಾರಕ್ಕೆ ಎಪ್ಪತ್ತಕ್ಕೆ ಬಂದರೆ ಬಹಳ ಆಯಿತು. ಆಮೇಲೆ ಎರಡು ತಿಂಗಳಿಗೊಮ್ಮೆ ಎರಡು ಪೌಂಡ್ ಏರಿಸಬಹುದು. ಭಾನುವಾರ ಬೆಳಿಗ್ಗೆ ಬೇಡ, ಊಟ ಮಾಡಿ ಮಲಗಿ ಎದ್ದು ಸಂಜೆ ಹೊತ್ತು ಬಿಡಿ. ಆ ಆರೇಳು ತಾಸು ಭುಜಕ್ಕೆ ದೊಡ್ಡ ವಿಶ್ರಾಂತಿ.

ಬಂದರಿನ ಕೆಲಸ ಬದಲಿಸುವುದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಗೊತ್ತು. ಆದರೂ ಮುಕಾದಮರ ಹತ್ತಿರ ಆರು ವಾರ ಕೆಳಗಿನ ಕೆಲಸ ಕೇಳಿ ನೋಡಿ. ಧಕ್ಕೆಯ ಮೇಲೆ ಟ್ವಿಸ್ಟ್‌ಲಾಕ್ (ಡಬ್ಬಿಯ ಮೂಲೆಯ ತಿರುಗುವ ಬೀಗ) ಹಾಕುವುದು, ತೆಗೆಯುವುದು ಸೊಂಟದ ಮಟ್ಟದ ಕೆಲಸ, ಒಂದೊಂದು ಐದಾರು ಕೆಜಿ ಅಷ್ಟೇ. ಬಾಯಿಮಾತಿನಲ್ಲಿ ಕೇಳಬೇಡಿ, ವೈದ್ಯರ ಚೀಟಿ ಕೊಟ್ಟು ಕೇಳಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಡಾಕ್ ಕೆಲಸಗಾರರ ಸುರಕ್ಷತೆ, ಆರೋಗ್ಯಕ್ಕೆ ಎಂದೇ 1986ರಲ್ಲಿ ಕಾಯ್ದೆ ಮಾಡಿದ್ದರು. ಕೆಲಸದಿಂದ ಬಂದ ನೋವು ದಾಖಲೆಯಲ್ಲಿ ಇರುವುದು ಮುಂದೆ ಪರಿಹಾರದ ಮಾತು ಬಂದಾಗಲೂ ಬೇಕಾಗುತ್ತದೆ. ಮೇಲೆಯೇ ಕೆಲಸ ಮಾಡಬೇಕಾದರೆ ಉದ್ದದ ರಾಡಿಗೆ ಇಬ್ಬರು ಸೇರಿ. ಪಕ್ಕಕ್ಕೆ ಕೈ ಚಾಚಿ ಸಿಕ್ಕಿಸಬೇಡಿ, ತೂತಿನ ಎದುರಿಗೇ ನಿಂತು ಎರಡೂ ಕೈಯಿಂದ, ಮೊಣಕೈ ಮೈಗೆ ಹತ್ತಿರ ಇಟ್ಟು ಎತ್ತಿ. ಟರ್ನ್‌ಬಕಲ್ ಬಿಗಿಯುವಾಗ ಬಲಗೈ ಎಡಗೈ ಬದಲಿಸುತ್ತಾ ಹೋಗಿ.

ಕೈಯಲ್ಲಿ ಬಲ ದಿನದಿನಕ್ಕೆ ಇಳಿದರೆ, ಜ್ವರದ ಜೊತೆ ಭುಜ ಊದಿದರೆ, ತೋಳು ಪೂರ್ತಿ ಮರಗಟ್ಟಿದರೆ ಹನ್ನೆರಡು ವಾರ ಕಾಯಬೇಡಿ. ಭುಜ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟಿದಂತೆ ಆದರೆ ಅದು ಭುಜದ್ದಲ್ಲ ಎಂದೇ ತಿಳಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಎಡಗಡೆ ಆದರಂತೂ ಒಂದು ನಿಮಿಷ ಯೋಚಿಸಬೇಡಿ.

ನಿಮ್ಮ ಮನೆಯವರಿಗೆ ಈ ಉತ್ತರ ಓದಿ ಹೇಳಿ. ಅವರ ಹೆದರಿಕೆ ಸರಿಯಾದದ್ದೇ. ಆದರೆ ಆರು ದಿನ ಕ್ರೇನಿನ ಗದ್ದಲ, ಕಬ್ಬಿಣದ ಸಪ್ಪಳದಲ್ಲಿ ಇರುವ ಮನುಷ್ಯನಿಗೆ ಹೊಲದ ಬದುವಿನ ಮೇಲೆ ಉಸಿರು ಹಿಡಿದು ನಿಲ್ಲುವ ಆ ನಾಲ್ಕು ಸೆಕೆಂಡ್ ಎಷ್ಟು ಬೇಕು ಎಂಬುದು ನನಗೆ ಗೊತ್ತು. ಅದನ್ನು ಕಿತ್ತುಕೊಳ್ಳುವ ಔಷಧ ನಾನು ಬರೆಯುವುದಿಲ್ಲ.

ಮಗಳಿಗೆ ಧಾರಾಳವಾಗಿ ಕೊಡಿಸಿ. ಒಂಬತ್ತು ವರ್ಷಕ್ಕೆ 10–12 ಪೌಂಡ್ ಸಾಕು. ಬೆಳೆಯುವಳು ಎಂದು ದೊಡ್ಡದು ತರಬೇಡಿ, ಬೆಳೆಯುವ ಮಕ್ಕಳ ಎಲುಬಿನ ತುದಿ ಇನ್ನೂ ಮೆತ್ತಗಿರುತ್ತದೆ. ನಿಮ್ಮ ಭಾರದ ಬಿಲ್ಲಿಗೆ ಕೈ ಹಾಕದಂತೆ ಹೆದೆ ಇಳಿಸಿ ಅಟ್ಟದ ಮೇಲೆ ಇಡಿ. ದಿನಕ್ಕೆ ಮೂವತ್ತು ಬಾಣ, ತೋಳಿಗೆ ಗಾರ್ಡ್, ಕೂದಲು ಹಿಂದೆ ಕಟ್ಟಿರಬೇಕು. ನಿಮ್ಮ ನಾಲ್ಕನೇ ವಾರಕ್ಕೆ ಇಬ್ಬರೂ ಒಂದೇ ಬಣವಿಗೆ, ಒಂದೇ ಐದು ಮೀಟರ್‌ನಿಂದ ಬಿಡಬಹುದು. ಬಣವಿಯ ಹಿಂದೆ ದಾರಿ ಇರಬಾರದು, ಆ ಎಮ್ಮೆಯನ್ನೂ ಬೇರೆ ಕಡೆ ಕಟ್ಟಿ. ಇಬ್ಬರ ಬಾಣವೂ ಮುಗಿದ ಮೇಲೆ ಎರಡೂ ಬಿಲ್ಲು ನೆಲಕ್ಕಿಟ್ಟು, ಬಾಣ ಕೀಳಲು ಒಟ್ಟಿಗೇ ಹೋಗಿ.